ಶಿಷ್ಯನ ಬೆನ್ನಿನ ಸೋರೆಬುರುಡೆ

ಹೊಳೆಯ ದಂಡೆಯ ಮಠದಲ್ಲಿ ಗುರುಪಾದಜ್ಜನವರು ಇದ್ದಾಗಿನ ಮಾತು ಇದು. ಅವರ ಶಿಷ್ಯ ಪತ್ರಯ್ಯ. ವಯಸ್ಸು ನಲವತ್ತಾಗಿತ್ತು, ಅವಸರ ಮಾತ್ರ ಇಪ್ಪತ್ತರದು.

ಹೊಳೆಯಲ್ಲಿ ಮರಳು ತೆಗೆದು ತೆಗೆದು ಗುಂಡಿಗಳು ಬಿದ್ದಿದ್ದವು. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು, ಇಳಿದರೆ ಆಳು ಮುಳುಗುವಷ್ಟು. ಬೇಸಿಗೆ ಬಂತೆಂದರೆ ಊರು ಒಂದೋ ಎರಡೋ ಮಕ್ಕಳನ್ನು ಕಳೆದುಕೊಳ್ಳುತ್ತಿತ್ತು.

ಪತ್ರಯ್ಯನ ತಮ್ಮನೂ ಚಿಕ್ಕಂದಿನಲ್ಲಿ ಅದೇ ಹೊಳೆಯಲ್ಲಿ ಹೋದವನು. ಅವನು ಮುಳುಗುವಾಗ ಪತ್ರಯ್ಯ ದಂಡೆಯ ಮೇಲೆ ನಿಂತು ಕೂಗಿದ್ದ. ಕೂಗುವುದರ ಹೊರತು ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಮೂವತ್ತು ವರ್ಷವಾದರೂ ಅದನ್ನು ಮರೆಯಲು ಅವನಿಂದ ಆಗಿರಲಿಲ್ಲ.

ಶಾಲೆಯ ಪಕ್ಕ ಊರಿನ ಜಾಗ ಖಾಲಿ ಇತ್ತು. ಅಲ್ಲೊಂದು ಎದೆಮಟ್ಟದ ಈಜುಕೊಳ ಆಗಬೇಕು, ಊರ ಮಕ್ಕಳೆಲ್ಲ ಈಜು ಕಲಿಯಬೇಕು ಎಂಬುದು ಅವನ ಆಸೆ. ಯುಗಾದಿಯ ಮರುದಿನ ಊರಸಭೆ ಇತ್ತು. ಸಭೆ ಒಪ್ಪಿದರೆ ಕೊಳ, ಇಲ್ಲದಿದ್ದರೆ ಗೋದಾಮು ಎಂದು ಪಂಚಾಯಿತಿಯವರು ಹೇಳಿದ್ದರು.

ಪತ್ರಯ್ಯ ಮನೆಮನೆಗೆ ಹೋದ. ಹೊಳೆಯಲ್ಲಿ ಸತ್ತ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿದ. ಕೇಳಿದವರು ಕಣ್ಣೊರೆಸಿಕೊಂಡರು.

ಹದಿನೈದು ದಿನದಲ್ಲಿ ಹೊಳೆಯ ದಾರಿಗೆ ಮುಳ್ಳುಬೇಲಿ ಬಿತ್ತು. ನೀರಿನ ಹೆಸರೆತ್ತಿದ ಮಕ್ಕಳಿಗೆ ಏಟು ಬಿತ್ತು. ಕೊಳಕ್ಕೆ ಮಾತ್ರ ಯಾರೂ ಹೂಂ ಅನ್ನಲಿಲ್ಲ.

ಪತ್ರಯ್ಯ ಸಿಟ್ಟಿನಿಂದ ಮಠಕ್ಕೆ ಬಂದ. ಅಜ್ಜನವರು ತೋಟದ ತೊಟ್ಟಿಯ ಹತ್ತಿರ ಕುಳಿತು, ಒಣಗಿದ ಸೋರೆಬುರುಡೆ ಒಡೆದು ಬೀಜ ತೆಗೆಯುತ್ತಿದ್ದರು.

"ಅಜ್ಜಾರ, ಈ ಊರಿನವರಿಗೆ ತಮ್ಮ ಮಕ್ಕಳ ಜೀವದ ಮ್ಯಾಲೂ ಆಸೆ ಇಲ್ಲರಿ."

"ಹಂಗ್ಯಾಕ ಅಂತಿ? ಬೇಲಿ ಹಾಕ್ಯಾರಲ್ಲ."

"ನಾ ಕೇಳಿದ್ದು ಬೇಲಿ ಅಲ್ಲರಿ. ಕೊಳ."

"ಏನಂತ ಹೇಳಿ ಕೇಳಿದಿ?"

"ನೀರು ಹೆಂಗ ಜೀವ ತಗೀತೈತಿ ಅಂತ ಹೇಳಿದ್ನಿರಿ."

"ಭಾಳ ಛಲೋ ಹೇಳಿದಿ. ಅವರಿಗೆ ಬರೋಬ್ಬರಿ ತಿಳದೈತಿ."

ಅಜ್ಜನವರು ಇನ್ನೊಂದು ಬುರುಡೆ ಒಡೆದರು.

"ನೀ ಕೇಳಿದ್ದಾತು. ನಿನ್ನ ಯಾರರ ಏನರ ಕೇಳಿದ್ರೇನು?"

"ದ್ಯಾಮವ್ವ ಒಂದು ಮಾತು ಕೇಳಿದ್ಲರಿ."

ಹೋದ ಬೇಸಿಗೆಯಲ್ಲಿ ಹೊಳೆಗೆ ಹೋದ ದ್ಯಾಮವ್ವನ ಮಗ ಮನೆಗೆ ಬಂದಿರಲಿಲ್ಲ. ಪತ್ರಯ್ಯ ಅವಳ ಹೊಸ್ತಿಲಲ್ಲಿ ನಿಂತು ಆ ಹುಡುಗನ ಹೆಸರು ಹೇಳಿದಾಗ ಅವಳು ಅಳಲಿಲ್ಲ. ಉಳಿದೊಬ್ಬ ಮಗಳು ಕಸ್ತೂರಿಯ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಏನು ಕೇಳಿದ್ಲು?"

"'ಅಯ್ಯಾರ, ನಿಮಗ ಈಸಾಕ ಬರತೈತೇನ್ರಿ?' ಅಂದ್ಲರಿ."

"ನೀ ಏನಂದಿ?"

"ಏನೂ ಅನ್ನಲಿಲ್ಲ. ಹೊಳ್ಳಿ ಬಂದೆ."

ಅಜ್ಜನವರು ರಾಶಿಯಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ದೊಡ್ಡ ಬುರುಡೆಯನ್ನು ಆರಿಸಿದರು. ಅದನ್ನು ಒಡೆಯಲಿಲ್ಲ. ನೀರಲ್ಲಿ ಮುಳುಗದಿರಲೆಂದು ಅದಕ್ಕೆ ಹಗ್ಗ ಸುತ್ತಿ ಪತ್ರಯ್ಯನ ಬೆನ್ನಿಗೆ ಕಟ್ಟಿದರು. ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ಊರಿಗೆಲ್ಲ ಕೇಳಾಂವ ನೀ. ಮೊದಲ ಆಕಿಗೆ ಉತ್ತರ ಕೊಡು. ಇಳಿ."

ತೊಟ್ಟಿಯ ನೀರು ಪತ್ರಯ್ಯನ ಎದೆಯವರೆಗೆ ಬಂತು. ಅಷ್ಟಕ್ಕೇ ಅವನು ಎರಡೂ ಕೈಯಿಂದ ಕಟ್ಟೆ ಹಿಡಿದುಕೊಂಡ. ಮೊದಲ ದಿನ ಅವನು ಕಟ್ಟೆ ಬಿಡಲೇ ಇಲ್ಲ.

ಎರಡನೆಯ ದಿನ ಕೇಳಿದ, "ಅಜ್ಜಾರ, ಕಾಲು ಹೆಂಗ ಬಡೀಬೇಕ್ರಿ?"

"ನನ್ನೇನ್ ಕೇಳ್ತಿ? ಊರವರನ್ನ ಕೇಳು."

ಊರಿನಿಂದ ಹೊಲಕ್ಕೆ ಹೋಗುವ ದಾರಿ ತೊಟ್ಟಿಯ ಪಕ್ಕದಲ್ಲೇ ಇತ್ತು. ಹೊತ್ತು ಏರುವ ಮುಂಚೆ ಊರೆಲ್ಲ ಅಲ್ಲೇ ಹಾಯುತ್ತಿತ್ತು. ಹದಿನೈದು ದಿನ ಇವರಿಗೇ ಬುದ್ಧಿ ಹೇಳಿದ ಬಾಯಿಂದ ಈಗ ಇವರನ್ನೇ ಕೇಳುವುದು ಹೇಗೆ? ಪತ್ರಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕಾಲು ಬಡಿದ. ಬುರುಡೆಯೊಳಗಿನ ಬೀಜ ಗಲಗಲ ಅಂದಿತು. ದಾರಿಯಲ್ಲಿದ್ದವರು ಬಿದ್ದುಬಿದ್ದು ನಕ್ಕರು.

"ಹೇಳೋದು ಆಚಾರ, ತಿನ್ನೋದು ಬದನಿಕಾಯಿ! ಈಸಾಕ ಬರಲಾರದವರು ನಮಗ ಈಜುಕೊಳ ಮಾಡಾಕ ಬಂದಿದ್ರು," ಅಂದ ಅಂಬಿಗರ ಬರಮಪ್ಪ. ಅವನು ಹರೆಯದಲ್ಲಿ ಹರಿಗೋಲು ಹಾಕುತ್ತಿದ್ದ ಮುದುಕ.

ಪತ್ರಯ್ಯ ಕೈಮುಗಿದ. "ಬರಂಗಿಲ್ಲ ಬರಮಪ್ಪಾ. ಕಾಲು ಹೆಂಗ ಬಡೀಬೇಕು, ಹೇಳಿಕೊಡು."

ಬರಮಪ್ಪನ ನಗು ನಿಂತಿತು. ಕೋಲನ್ನು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಬಂದು ಕುಳಿತ. "ಅಗಸರ ಅರಿವಿ ಬಡದಂಗ ಬಡೀಬ್ಯಾಡ್ರಿ ಅಯ್ಯಾರ. ಮೊಣಕಾಲು ಮಡಚಬ್ಯಾಡ್ರಿ. ತೊಡೀಲಿಂದ ಆಡಸ್ರಿ."

ಮರುದಿನದಿಂದ ಊರವರಿಗೆ ಹೊಲದ ಕೆಲಸಕ್ಕೆ ತಡವಾಗತೊಡಗಿತು. ಒಬ್ಬಳು ಉಸಿರು ಬಿಗಿಹಿಡಿಯಬೇಡಿ ಅಂದಳು. ಒಬ್ಬ ಕುತ್ತಿಗೆ ಮೇಲೆ ಎತ್ತಬೇಡಿ ಅಂದ. ಇಬ್ಬರು ಹೆಂಗಸರಿಗೆ ಕೈ ಬೀಸುವ ವಿಷಯದಲ್ಲಿ ಜಗಳವೇ ಆಯಿತು. ನಮ್ಮ ಎಮ್ಮೆ ನಿಮಗಿಂತ ಚೆಂದ ಈಸುತ್ತದೆ ಎಂದು ಹೇಳಿಹೋದವನು, ಮರುದಿನ ಪತ್ರಯ್ಯ ಎಷ್ಟು ದೂರ ಹೋದ ಎಂದು ನೋಡಲು ಎಲ್ಲರಿಗಿಂತ ಮೊದಲೇ ಬಂದಿದ್ದ.

ದ್ಯಾಮವ್ವನೂ ದಿನಾ ಬರುತ್ತಿದ್ದಳು. ಬುಟ್ಟಿ ಹೊತ್ತು ದೂರ ನಿಲ್ಲುತ್ತಿದ್ದಳು.

ಎಂಟನೆಯ ದಿನ ಪತ್ರಯ್ಯ ಕಟ್ಟೆ ಬಿಟ್ಟು ನಡುನೀರಿಗೆ ಬಂದ. ಮೂಗಿಗೆ ನೀರು ಹೋಯಿತು. ನಿಂತರೆ ಕಾಲು ನೆಲಕ್ಕೆ ತಾಗುತ್ತದೆ ಎಂಬುದನ್ನೇ ಮರೆತು ಒದ್ದಾಡಿದ. ಕೊನೆಗೆ ಕಟ್ಟೆ ಸಿಕ್ಕಿದಾಗ ಅದಕ್ಕೆ ಹಣೆ ಇಟ್ಟು ಮಗುವಿನಂತೆ ಅತ್ತ. ಯಾರೂ ನಗಲಿಲ್ಲ.

ತಲೆ ಎತ್ತಿದಾಗ ಎದುರಿಗೆ ದ್ಯಾಮವ್ವ ಕಂಡಳು.

"ಅವತ್ತ ನೀ ಕೇಳಿದ್ದಿಯಲ್ಲವ್ವಾ. ನನಗ ಈಸಾಕ ಬರಂಗಿಲ್ಲ. ನನ್ನ ತಮ್ಮ ಹೋದಾಗ ದಂಡ್ಯಾಗ ನಿಂತು ಬರೇ ಕೂಗಿದೆ. ಈಸಾಕ ಬಂದಿದ್ರ ಅಂವ ಉಳೀತಿದ್ದ."

ದ್ಯಾಮವ್ವ ಬುಟ್ಟಿ ಇಳಿಸಿದಳು. ಸೀದಾ ಬಂದು ಅಜ್ಜನವರ ಕೈಯಿಂದ ಹಗ್ಗ ತೆಗೆದುಕೊಂಡಳು.

"ಹಗ್ಗ ಇಷ್ಟು ಬಿಗಿ ಹಿಡದ್ರ ಹೆಂಗ ಈಸ್ತಾರ್ರಿ ಅಜ್ಜಾರ? ಒಂದೀಟು ಸಡ್ಲ ಬಿಡಬೇಕ್ರಿ."

ಅಜ್ಜನವರು ತಲೆಯಾಡಿಸಿ ಪಕ್ಕಕ್ಕೆ ಸರಿದರು.

ಮರುದಿನ ಅವಳ ಜೊತೆಗೆ ಕಸ್ತೂರಿ ಬಂದಳು. ಹುಡುಗಿಯ ಬೆನ್ನಿಗೂ ಒಂದು ಪುಟ್ಟ ಬುರುಡೆ ಇತ್ತು. ಅದರ ಮರುದಿನ ಬರಮಪ್ಪನ ಮೊಮ್ಮಕ್ಕಳು ಬಂದರು. ಯುಗಾದಿಯ ಹೊತ್ತಿಗೆ ತೊಟ್ಟಿಯಲ್ಲಿ ಹನ್ನೊಂದು ಬುರುಡೆಗಳು ಗಲಗಲ ಅನ್ನುತ್ತಿದ್ದವು. ಒಬ್ಬರ ಮೊಣಕೈ ಇನ್ನೊಬ್ಬರ ಮೂಗಿಗೆ ತಾಗುತ್ತಿತ್ತು. ಊರಲ್ಲಿ ಬಿತ್ತನೆಗೆಂದು ಇಟ್ಟ ಒಂದು ಸೋರೆಬುರುಡೆಯೂ ಉಳಿಯಲಿಲ್ಲ.

ಊರಸಭೆಯ ದಿನ ಪತ್ರಯ್ಯ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದ. ಅವನು ಏಳುವ ಮೊದಲೇ ದ್ಯಾಮವ್ವ ಎದ್ದಳು.

"ಮಠದ ತೊಟ್ಟಿ ಸಾಲಂಗಿಲ್ಲರಿ. ನನ್ನ ಮಗಳಿಗೆ ಕೈ ಚಾಚಾಕ ಜಾಗ ಇಲ್ಲ. ಸಾಲಿ ಮಗ್ಗಲ ಕೊಳ ಆಗಬೇಕು."

"ಮೆಟ್ಟಲಾ ಬಡಗಣ ದಿಕ್ಕಿಗೆ ಇರಲಿ," ಎಂದ ಬರಮಪ್ಪ, ಆಗಲೇ ಕಟ್ಟಲು ಶುರು ಮಾಡಿದವನಂತೆ. ಮೆಟ್ಟಿಲು ಯಾವ ದಿಕ್ಕಿಗೆ ಎಂಬುದರ ಮೇಲೆ ಊರವರು ಸಂಜೆಯವರೆಗೆ ಜಗಳಾಡಿದರು. ಗೋದಾಮಿನ ಸುದ್ದಿ ಯಾರೂ ಎತ್ತಲಿಲ್ಲ.

ಪತ್ರಯ್ಯ ಮಠಕ್ಕೆ ಓಡಿ ಬಂದ. ಬುರುಡೆ ಕಟ್ಟಿಕೊಂಡು ತೊಟ್ಟಿಗೆ ಇಳಿದು ಈ ತುದಿಯಿಂದ ಆ ತುದಿಗೆ ಈಸಿದ. ಅವನಿಗೆ ಅಷ್ಟು ಸಂತೋಷವಾಗಿತ್ತು. ಮೇಲೆ ಬಂದು, ನೀರು ಸುರಿಯುತ್ತಿದ್ದ ಮೈಯಲ್ಲೇ ಅಜ್ಜನವರ ಪಾದ ಮುಟ್ಟಿದ.

"ಅಜ್ಜಾರ, ಈಗ ತಿಳೀತ್ರಿ. ಕಾಲು ಹೆಂಗ ಬಡೀಬೇಕಂತ ಅವತ್ತ ನೀವ ಹೇಳಬಹುದಿತ್ತು. ಹೇಳಲಿಲ್ಲ. ಊರವರ ಕಡೆ ಕಲೀಲಿ, ಕಲಿಸಿದವರು ಕೈ ಬಿಡಂಗಿಲ್ಲ ಅಂತ ತಿಳದ ಹಂಗ ಮಾಡಿದ್ರಿ. ಹೌದಲ್ರಿ?"

ಅಜ್ಜನವರು ತೊಟ್ಟಿಯ ನೀರನ್ನೇ ನೋಡುತ್ತಿದ್ದರು. ಇಷ್ಟು ದಿನವೂ ಅವರು ಕಟ್ಟೆಯ ಅಂಚಿನಿಂದ ಒಂದು ಮಾರು ಹಿಂದೆಯೇ ಕೂರುತ್ತಿದ್ದರು ಎಂಬುದು ಪತ್ರಯ್ಯನಿಗೆ ಈಗ ಹೊಳೆಯಿತು.

"ನನಗೂ ಈಸಾಕ ಬರಂಗಿಲ್ಲೋ ಪತ್ರಯ್ಯಾ. ಆ ಬುರುಡಿ ಬಿಚ್ಚಿ ಇತ್ತ ಕೊಡು. ನಾಳೆ ಹಗ್ಗ ಹಿಡ್ಯಾಕ ದ್ಯಾಮವ್ವಗ ಹೇಳು."