ದೊರೆಯ ಒಂದು ಪಾವು

"ಅಳೆಯೋದಕ್ಕೆ ನನಗೆ ಸೇರು, ಪಾವು ಏನೂ ಬೇಡ. ಎಲೆಯ ಮೇಲಿನ ಅನ್ನ ನೋಡಿದರೆ ಸಾಕು, ಎಷ್ಟು ಅಕ್ಕಿಯದು ಅಂತ ಹೇಳಿಬಿಡುತ್ತೇನೆ!"

ಕಣಿವೆಪುರದ ದೊರೆ ಚಂದ್ರಭೂಪ ತುಂಬಿದ ಸಭೆಯಲ್ಲಿ ಹೀಗೆ ಗುಡುಗಿದ. ಹಿಂದಿನ ದಿನ ಹೊಸ ಕೆರೆ ಅಗೆಯುವ ಜಾಗಕ್ಕೆ ಹೋಗಿದ್ದ. ಆಳುಗಳ ಊಟ ಕಂಡು ಅವನ ಕಣ್ಣು ಕೆಂಪಾಗಿತ್ತು.

"ಅಂಗೈಯಗಲದ ಮುತ್ತುಗದ ಎಲೆ, ಅದರ ಮೇಲೆ ಗುಡ್ಡದಂಥ ಅನ್ನ! ಒಬ್ಬೊಬ್ಬನಿಗೂ ಒಂದು ಸೇರು, ಅಂದರೆ ನಾಲ್ಕು ಪಾವು! ರಾಜ್ಯ ಆಳುವ ನಾನೇ ಹೊತ್ತಿಗೆ ಒಂದು ಪಾವು ಉಣ್ಣುತ್ತೇನೆ. ಮಣ್ಣು ಹೊರುವವರಿಗೆ ಅದಕ್ಕಿಂತ ಹೆಚ್ಚು ಯಾಕೆ?"

ಉಗ್ರಾಣದವನು ತಲೆಬಾಗಿ, "ಪ್ರಭು, ಅದು ಎರಡೇ ಪಾವು..." ಅಂದ.

"ನನ್ನ ಕಣ್ಣು ಸುಳ್ಳು ಹೇಳುತ್ತದಾ?"

ಉಗ್ರಾಣದವನು ಕಂಬದ ಹಿಂದೆ ಸರಿದ. ಆಸ್ಥಾನದ ವಿದೂಷಕ ಸಿಂಗಣ್ಣನಿಗೆ ಕಳವಳವಾಯಿತು. ಆ ಸುಡುಬಿಸಿಲಲ್ಲಿ ಅರೆಹೊಟ್ಟೆಯವರು ಗುದ್ದಲಿ ಎತ್ತುವುದು ಹೇಗೆ? ಆದರೂ ನಗುತ್ತಾ ಎದ್ದು ನಿಂತ.

"ಆಜ್ಞೆ ನಾನೇ ಬರೆಯುತ್ತೇನೆ ಪ್ರಭು. 'ದೊರೆಗಳು ಹೊತ್ತಿಗೆ ಎಷ್ಟು ಉಣ್ಣುತ್ತಾರೋ ಪ್ರತಿಯೊಬ್ಬ ಆಳಿಗೂ ಅಷ್ಟೇ ಅನ್ನ.' ಆಗಬಹುದಾ?"

"ಆಗಬಹುದು! ಒಂದು ಅಗುಳೂ ಹೆಚ್ಚಿರಬಾರದು."

ಮುದ್ರೆ ಬಿತ್ತು. ಸಿಂಗಣ್ಣ ನೇರ ಅರಮನೆಯ ಅಡುಗೆಮನೆಗೆ ಹೋಗಿ ಅಡುಗೆಯ ಪುಟ್ಟವ್ವನನ್ನು ಕಂಡ.

"ಇವತ್ತು ದೊರೆಗಳ ಅಕ್ಕಿಯನ್ನು ಬೇರೆ ಅಳೆದು ಬೇಯಿಸಮ್ಮ. ಉಂಡೆದ್ದ ಮೇಲೆ ಎಷ್ಟು ಮಿಕ್ಕಿತು ಹೇಳು."

ಮರುದಿನ ಮಧ್ಯಾಹ್ನ ತನ್ನ ಆಜ್ಞೆ ಹೇಗೆ ನಡೆದಿದೆ ನೋಡಲು ದೊರೆ ಕೆರೆಗೆ ಬಂದ. ಬಂದವನು ದಂಗಾದ. ಒಂದೊಂದು ಎಲೆಯ ಮೇಲೂ ಮೊನ್ನೆಯದರ ಎರಡರಷ್ಟು ಅನ್ನ! ಪಕ್ಕಕ್ಕೆಲ್ಲ ಉದುರುತ್ತಿತ್ತು.

"ಸಿಂಗಣ್ಣ! ಕಡಿಮೆ ಮಾಡು ಅಂದರೆ ಇದೇನು?"

"ತಮ್ಮ ಊಟದಷ್ಟೇ ಪ್ರಭು. ಪುಟ್ಟವ್ವನನ್ನೇ ಕೇಳಿ."

ಸಿಂಗಣ್ಣ ಜೊತೆಗೇ ಕರೆತಂದಿದ್ದ ಪುಟ್ಟವ್ವ ಸೆರಗು ಸರಿಮಾಡಿಕೊಂಡಳು. "ನಾಲ್ಕು ಪಾವು ಅಳೆದು ಹಾಕಿದ್ದೆ ಬುದ್ಧೀ. ಹುಳಿಗೆ ಎರಡು ಸಲ ಬಡಿಸಿದೆ, ಸಾರಿಗೆ ಎರಡು ಸಲ. ಮೊಸರಿಗೆ 'ಒಂದೇ ತುತ್ತು ಹಾಕು' ಅಂತ ನಾಲ್ಕು ಸಲ ಕೇಳಿದಿರಿ. ಪಾತ್ರೆಯಲ್ಲಿ ಏನೂ ಮಿಗಲಿಲ್ಲ."

"ಸುಳ್ಳು! ಈ ಗುಡ್ಡ ನನ್ನ ಹೊಟ್ಟೆಯಲ್ಲಿ ಹಿಡಿಸುತ್ತದೆಯೇ?"

"ಬಿಸಿಲಲ್ಲಿ ದಣಿದಿದ್ದೀರಿ, ಮೊದಲು ಊಟ ಮಾಡಿ" ಎಂದು ಸಿಂಗಣ್ಣ ಚಪ್ಪರದಡಿ ಮಣೆ ಹಾಕಿಸಿದ. ದೊರೆ ದಿನಾ ಉಣ್ಣುವ ಅಗಲವಾದ ಬೆಳ್ಳಿಯ ಹರಿವಾಣ ತರಿಸಿ, ಎದುರಿಗಿದ್ದ ಒಂದು ಎಲೆಯ ಅನ್ನವನ್ನು ಪೂರ್ತಿ ಅದಕ್ಕೆ ಸುರಿಸಿ, ಹರಡಿ, ಮೇಲೆ ಹುಳಿ ಹಾಕಿಸಿದ.

ಹಸಿದಿದ್ದ ದೊರೆ ಹರಿವಾಣ ನೋಡಿ ಮುಖ ಗಂಟಿಕ್ಕಿದ.

"ಇಷ್ಟೇನಾ? ಮೊಸರಿಗೆ ಅನ್ನ ಎಲ್ಲಿ?"

ಸಿಂಗಣ್ಣ ಎದುರಿಗಿದ್ದ ಎಲೆಯತ್ತ ಕೈ ತೋರಿಸಿದ. ದೊರೆ ಹರಿವಾಣ ನೋಡಿದ. ಬರಿದಾದ ಮುತ್ತುಗದ ಎಲೆ ನೋಡಿದ. ಕಿವಿ ಕೆಂಪಾಯಿತು.

ಆಗ ಕೆಂಚಜ್ಜ ಅನ್ನುವ ಮುದುಕ ಕೂತಲ್ಲಿಂದಲೇ ಕೈಮುಗಿದ. "ಒಡೆಯಾ, ತಾವು ಉಣ್ಣೋವಷ್ಟು ನಾವು ಉಂಡರೆ ಇಲ್ಲೇ ಮಲಗಿಬಿಡ್ತೀವಿ, ಕೆರೆ ಅಗೆಯೋರು ಯಾರು? ಮೊದಲು ಕೊಡ್ತಿದ್ದಷ್ಟೇ ಸಾಕು."

ದೊರೆಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕಿದ್ದೇ ತಡ, ಏರಿಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಹಳೆಯ ಎರಡು ಪಾವೇ ಇರಲಿ, ಜೊತೆಗೆ ದಿನಾ ಮಜ್ಜಿಗೆ ಕೊಡಿ ಎಂದು ಅಪ್ಪಣೆಯಾಯಿತು. ಕೈಯ ಕಡಗ ಬಿಚ್ಚಿ ಸಿಂಗಣ್ಣನಿಗೆ ತೊಡಿಸುತ್ತಾ ದೊರೆ ಮೆಲ್ಲಗೆ ಕೇಳಿದ:

"ಹಾಗಾದರೆ ನಾಳೆಯಿಂದ ನಾನು ಎಷ್ಟು ಉಣ್ಣಲಿ?"

"ಹಸಿವಾದಷ್ಟು ಉಣ್ಣಿ ಪ್ರಭು. ಆದರೆ ಎಷ್ಟು ಉಂಡಿರಿ ಅಂತ ಸಭೆಗೆ ಹೇಳುವ ಕೆಲಸ ಮಾತ್ರ ಪುಟ್ಟವ್ವನಿಗೆ ಬಿಡಿ!"