ತಲೆ ತೋರಿಸದ ಕಡಲಹಾವು

“ಗುರುಗಳೇ, ಆಡುವವರು ಗೆಲ್ಲಲೆಂದು ತಾನೇ ಆಟಕ್ಕೆ ಕೂರುವುದು? ಹಾಗಿದ್ದ ಮೇಲೆ ಹಾವಿಗೊಂದು ಸಾವು ಇಟ್ಟರೆ ತಪ್ಪೇನು?”

ಕೇಳಿದವನು ಭಾರ್ಗವ. ದಾಳ ಉರುಳಿಸಿ, ಕತೆ ಕಟ್ಟಿಕೊಂಡು ಆಡುವ ಮೇಜಿನ ಆಟಗಳಿಗೆ ರಾಕ್ಷಸರನ್ನೂ ಮೃಗಗಳನ್ನೂ ರೂಪಿಸುವ ವಿದ್ಯೆಯನ್ನು ಅವನು ಗುರುಗಳ ಬಳಿ ಕಲಿಯುತ್ತಿದ್ದ. ಬಹಳ ಕಾಲ ಕೂತು ಒಂದು ಕಡಲಹಾವನ್ನು ಮಾಡಿದ್ದ. ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ಯಜಮಾನರು ಅದನ್ನು ನೋಡಿ, ಹಾವು ಚೆನ್ನಾಗಿದೆ, ಹಲ್ಲು ಮಾತ್ರ ಕಿತ್ತು ಕೊಡು, ಆಡುವವರಿಗೆ ಅದನ್ನು ಕೊಲ್ಲುವ ದಾರಿಯೊಂದಿರಲಿ, ಸೋತವರು ಇನ್ನೊಂದು ಪೆಟ್ಟಿಗೆ ಕೊಳ್ಳುವುದಿಲ್ಲ ಎಂದಿದ್ದರು. ಭಾರ್ಗವನಿಗೆ ಕೀಳುವ ಮನಸ್ಸಿರಲಿಲ್ಲ. ಕೀಳುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಕಡಲೂರಿನಲ್ಲಿ ಮರ ಕೆತ್ತುವ ಹೆಂಗಸೊಬ್ಬಳಿದ್ದಳು. ದೋಣಿಯ ಧಣಿಯೊಬ್ಬನ ಚಪ್ಪರದ ಮೂಲೆಯಲ್ಲಿ ಅವಳ ವಾಸ. ದೋಣಿ ಕಟ್ಟಿ ಉಳಿದ ಮರದ ಚೂರುಗಳೇ ಅವಳ ಬದುಕು. ಮಳೆಗಾಲದಲ್ಲಿ ಆ ಊರಿನವರು ಕಡಲಿಗೆ ಇಳಿಯುವುದಿಲ್ಲ. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ದೋಣಿ ನೀರಿಗೆ. ಅಲ್ಲಿಯವರೆಗೆ ಮೀನುಗಾರರು ಚಪ್ಪರದಲ್ಲಿ ಕೂತು ಆಡುತ್ತಾರೆ. ನೀಲಿ ಬಟ್ಟೆಯೇ ಕಡಲು. ಅದರ ಮೇಲೊಂದು ಮರದ ದೋಣಿ, ದೋಣಿಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ಆಟದ ಕಾಯಿ. ತನ್ನ ಕಾಯಿಯನ್ನು ತಾನೇ ಕೆತ್ತಿಕೊಳ್ಳಬೇಕು. ಇನ್ನೊಬ್ಬನ ಕಾಯಿಯನ್ನು ಮುಟ್ಟಬಾರದು, ಮುಟ್ಟಿದರೆ ಕಾಯಿಯವನಿಗೆ ಕೇಡು ಎಂಬುದು ಅವರ ನಂಬಿಕೆ. ಎದುರಾಗುವ ಮೃಗವನ್ನು ಕೆತ್ತಿ, ಅದು ಹೇಗೆ ನಡೆಯಬೇಕೆಂದು ಗೊತ್ತುಮಾಡುವುದು ಆ ಹೆಂಗಸಿನ ಕೆಲಸ.

ಹಿಂದಿನವರು ಕೆತ್ತಿದ ಕಡಲಹಾವುಗಳಿಗೆಲ್ಲ ಒಂದು ಸಾವಿನ ಗುಟ್ಟಿತ್ತು. ಒಂದಕ್ಕೆ ಕಣ್ಣಿನಲ್ಲಿ, ಇನ್ನೊಂದಕ್ಕೆ ಬಾಲದಲ್ಲಿ. ದಾಳ ಸರಿಯಾಗಿ ಬಿದ್ದರೆ ಹಾವು ಸತ್ತಿತು, ಎಲ್ಲರೂ ಎದ್ದು ಊಟಕ್ಕೆ ಹೋದರು. ಅವಳಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳ ಗಂಡನೂ ಇದೇ ಬಟ್ಟೆಯ ಮೇಲೆ ಹಾವುಗಳನ್ನು ಕೊಂದು ಕೊಂದು ಮೀಸೆ ತಿರುವಿದವನು. ಹುಣ್ಣಿಮೆಗೆ ಮುಂಚೆ ಕಡಲಿಗೆ ಹೋಗಬೇಡ ಎಂದು ಅವಳು ಅಂಗಲಾಚಿದಾಗ, ಕಡಲು ನನಗೆ ಯಾವ ಲೆಕ್ಕ ಎಂದು ಹೋದ. ಮರಳಿ ಬರಲಿಲ್ಲ.

ಅವಳು ಬೇರೊಂದು ಹಾವು ಕೆತ್ತಿದಳು. ಮೈಯ ಒಂದೊಂದು ಸುರುಳಿಯೂ ಒಂದೊಂದು ಬಿಡಿ ತುಂಡು. ದೋಣಿ ಮುಂದೆ ಹೋದ ಹಾಗೆ ಬಟ್ಟೆಯ ಮೇಲೆ ಒಂದು ಸುರುಳಿ ಏಳುತ್ತದೆ. ಇನ್ನೂ ಮುಂದೆ ಹೋದರೆ ಮತ್ತೊಂದು. ಎಷ್ಟು ಹತ್ತಿರ ಎಂಬುದನ್ನು ದಾಳ ಹೇಳುತ್ತದೆ. ತಲೆ ಏಳುವುದು ಕಡೆಗೆ. ಅದು ಎದ್ದರೆ ದೋಣಿಯಲ್ಲಿದ್ದವರೆಲ್ಲ ಹೋದರು. ಅದಕ್ಕೆ ಮುಂಚೆ ಹಿಂದಿರುಗಿದ ದೋಣಿಯನ್ನು ಹಾವು ಮುಟ್ಟುವುದಿಲ್ಲ. ಕೊಲ್ಲುವ ದಾರಿಯನ್ನು ಅವಳು ಇಡಲೇ ಇಲ್ಲ.

ಮೊದಮೊದಲು ಆಡುವವರು ಅವಳನ್ನು ಬಾಯಿಗೆ ಬಂದಂತೆ ಬೈದರು. ಆಮೇಲೆ ಅದರದೇ ಹುಚ್ಚು ಹಿಡಿಯಿತು. ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ತಿರುಗಬೇಕು ಎಂದು ಗಂಟಲು ಹರಿಯುವಂತೆ ಜಗಳಾಡಿದರು. ತಿರುಗಿದವನನ್ನು ಹೇಡಿ ಎನ್ನುವುದನ್ನು ಬಿಟ್ಟರು.

ಆ ವರ್ಷ ಧಣಿಗೆ ಆಸೆ ಹತ್ತಿತು. ಉಳಿದವರ ದೋಣಿಗಳು ದಡದಲ್ಲಿರುವಾಗಲೇ ತನ್ನದು ಹೊರಟರೆ ಪೇಟೆಯೆಲ್ಲ ತನ್ನ ಕೈಯಲ್ಲಿ ಎಂದುಕೊಂಡ. ಹುಣ್ಣಿಮೆಗೆ ಕಾಯದೆ ಹೊರಡಿ ಎಂದ. ಮೀನುಗಾರರು ಮುಖ ಮುಖ ನೋಡಿಕೊಂಡರು. ಸುರುಳಿ ಕಾಣುತ್ತಾ ಉಂಟು ಎಂದು ಒಬ್ಬ ಗೊಣಗಿದ. ಅದೇನು ಸುರುಳಿ ಎಂದು ವಿಚಾರಿಸಿಕೊಂಡ ಧಣಿ ನೇರವಾಗಿ ಹೆಂಗಸಿನ ಮುಂದೆ ಬಂದು ನಿಂತ.

“ನನ್ನ ಆಳುಗಳಿಗೆ ಹೆದರಿಕೆ ಕಲಿಸ್ತಾ ಇದ್ದೀಯಾ? ಆ ಹಾವಿಗೊಂದು ಸಾವು ಇಡು. ಇಲ್ಲದಿದ್ದರೆ ಈ ಚಪ್ಪರದಲ್ಲಿ ನಿನಗೆ ಜಾಗ ಇಲ್ಲ.”

 ಹೋಗಲು ಅವಳಿಗೆ ಬೇರೆ ನೆಲೆ ಇರಲಿಲ್ಲ. ಆದರೂ ಉಳಿಯನ್ನು ಕೆಳಗಿಟ್ಟು ಎದ್ದಳು.

“ಇಡುವುದಿಲ್ಲ, ಧಣಿ. ನೀವೇ ಒಂದು ಸಲ ಕೂತು ಆಡಿ. ದೋಣಿಯನ್ನು ಆಚೆ ದಡ ಮುಟ್ಟಿಸಿದರೆ ಹಾವನ್ನು ನಾನೇ ಒಲೆಗೆ ಹಾಕ್ತೇನೆ.”

ಧಣಿ ನಕ್ಕು ಕೂತ. ಮೀನುಗಾರರು ತಮ್ಮ ತಮ್ಮ ಕಾಯಿಗಳನ್ನು ದೋಣಿಯಲ್ಲಿಟ್ಟರು. ಧಣಿಯ ಬಳಿ ಕಾಯಿ ಇರಲಿಲ್ಲ. ಅವನು ಎಂದೂ ಕೆತ್ತಿಕೊಂಡವನಲ್ಲ. ಅವಳು ಒಂದು ಚೂರು ಮರವನ್ನೂ ಉಳಿಯನ್ನೂ ಮುಂದೆ ಹಿಡಿದಳು. ದೋಣಿಯೇ ನನ್ನದು, ನನಗೆ ಕಾಯಿ ಯಾಕೆ ಎಂದು ಅವನು ಅದನ್ನು ಬದಿಗೆ ತಳ್ಳಿದ.

ಒಂದು ಸುರುಳಿ ಎದ್ದಿತು. ಮುಂದೆ, ಎಂದ ಧಣಿ. ಇನ್ನೊಂದು ಎದ್ದಿತು. ಮುಂದೆ, ಎಂದ. ಮುಂದಿನದು ದೋಣಿಯ ಮಗ್ಗುಲಿಗೇ ಬಂತು. ಸಾಕು, ತಿರುಗಿಸೋಣ ಎಂದರು ಎಲ್ಲರೂ. ಧಣಿ ಅವರ ಕಡೆ ನೋಡದೆ ದಾಳ ಕೈಗೆತ್ತಿಕೊಂಡ.

ಆಗ ಚುಕ್ಕಾಣಿ ಹಿಡಿಯುವ ಮುದುಕ ಕೈ ಚಾಚಿ, ತನ್ನ ಕಾಯಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಧಣಿಯ ಅನ್ನ ಉಂಡೇ ತಲೆ ನರೆತವನು ಅವನು. ಆಟದ ನಡುವೆ ಹಾಗೆ ಯಾರೂ ಮಾಡಿದ್ದಿಲ್ಲ. ಮಾಡಬಾರದೆಂಬ ಕಟ್ಟಳೆಯೂ ಇರಲಿಲ್ಲ. ಅವನ ಹಿಂದೆ ಇನ್ನೊಬ್ಬ ಎತ್ತಿಕೊಂಡ, ಆಮೇಲೆ ಉಳಿದವರೆಲ್ಲ. ಧಣಿ ಕೆಂಡಾಮಂಡಲವಾಗಿ, ಇಡಿ ವಾಪಸು ಎಂದು ಕೂಗಿದ. ಯಾರೂ ಇಡಲಿಲ್ಲ. ಕಿತ್ತು ಇಡೋಣವೆಂದರೆ ಇನ್ನೊಬ್ಬನ ಕಾಯಿ ಮುಟ್ಟುವಂತಿಲ್ಲ. ಸಿಟ್ಟಿನಲ್ಲಿ ದಾಳ ಎಸೆದ. ಬಿದ್ದದ್ದು ತಲೆ ಏಳುವ ದಾಳವೇ.

ಎಲ್ಲರೂ ಹೆಂಗಸಿನ ಕೈ ನೋಡಿದರು. ಅವಳು ಹಾವಿನ ತಲೆಯನ್ನು ಚೀಲದಿಂದ ತೆಗೆಯಲಿಲ್ಲ.

“ಎಲ್ಲಿ ನಿನ್ನ ಹಾವು?” ಎಂದ ಧಣಿ.

“ದೋಣಿಯಲ್ಲಿ ಯಾರೂ ಇಲ್ಲವಲ್ಲ, ಧಣಿ. ಅದು ಯಾರಿಗೋಸ್ಕರ ಏಳಬೇಕು?”

ಮರುದಿನ ಧಣಿ ದೋಣಿಯನ್ನು ನೀರಿಗೆ ನೂಕಿ ಎಂದಾಗ ಮುದುಕ ಮರಳಿನ ಮೇಲೆ ಕೈಕಟ್ಟಿ ನಿಂತ. ಉಳಿದವರೂ ನಿಂತರು. ಹುಣ್ಣಿಮೆಯವರೆಗೆ ದೋಣಿ ಅಲ್ಲಾಡಲಿಲ್ಲ. ಆ ಸಿಟ್ಟನ್ನೆಲ್ಲ ಧಣಿ ಹೆಂಗಸಿನ ಮೇಲೆ ತೀರಿಸಿಕೊಂಡ, ಅವಳನ್ನು ಚಪ್ಪರದಿಂದ ಹೊರಗೆ ಹಾಕಿದ. ಅವಳು ನೀಲಿ ಬಟ್ಟೆಯನ್ನು ಮಡಿಸಿ, ಹಾವನ್ನು ಚೀಲಕ್ಕೆ ತುಂಬಿ, ಮಳೆಯಲ್ಲೇ ಮುಂದಿನ ಊರಿಗೆ ನಡೆದಳು. ದಾರಿಯುದ್ದಕ್ಕೂ ಅತ್ತಳು. ಹಾವಿನ ಒಂದು ಹಲ್ಲನ್ನೂ ಕೀಳಲಿಲ್ಲ.

ಕತೆ ಮುಗಿಯಿತು. ಭಾರ್ಗವ ತಲೆ ತಗ್ಗಿಸಿಕೊಂಡು ಹೇಳಿದ: “ಆದರೂ ಗುರುಗಳೇ, ಯಜಮಾನರ ಮಾತಿನಲ್ಲೂ ನ್ಯಾಯವಿದೆ. ಪೆಟ್ಟಿಗೆ ಅವರದು, ಆಟವೂ ಅವರದೇ.”

ಗುರುಗಳು ಕೇಳಿದರು: “ದೋಣಿಯಲ್ಲಿ ಅವರ ಕಾಯಿ ಎಲ್ಲಿದೆ, ತೋರಿಸು.”