ಗುಡ್ಡ ಉತ್ತ ಹಂದಿ

ಮಕ್ಕಳೇ, ಮಳೆ ಕಡಿಮೆ ಬೀಳುವ ಬಯಲಿನಲ್ಲಿ ಒಂದು ಬೋಳುಗುಡ್ಡವಿತ್ತು. ಬೋಳು ಎಂದರೆ ಮರವಿರಲಿಲ್ಲ ಅಷ್ಟೆ, ಹುಲ್ಲು ದಟ್ಟವಾಗಿತ್ತು. ಗುಡ್ಡದ ಬುಡದಲ್ಲಿ ಪ್ರಾಣಿಗಳೆಲ್ಲ ಸೇರಿ ರಾಗಿ ಬೆಳೆಯುತ್ತಿದ್ದವು. ಹಂದಿ ಮೂತಿಯಿಂದ ಉಳುತ್ತಿತ್ತು, ಇಲಿ ಬಿತ್ತುತ್ತಿತ್ತು, ಉಳಿದವು ಸಲಹೆ ಕೊಡುತ್ತಿದ್ದವು.

ಮೂರು ವರ್ಷಗಳಿಂದ ಮಳೆ ಸೊರಗಿತ್ತು. ಬೆಳೆ ಅರ್ಧಕ್ಕಿಳಿದಿತ್ತು. ಹಿಂದಿನ ಬೇಸಗೆಯಲ್ಲಿ ಇಲಿಯ ಮರಿಗಳು ರಾಗಿ ಸಾಲದೆ ಹುಲ್ಲಿನ ಬೇರು ಕಡಿದು ಮಲಗಿದ್ದವು.

"ಬೆಳೆ ಅರ್ಧವಾದರೆ ಹೊಲ ಎರಡರಷ್ಟಾಗಬೇಕು," ಎಂದಿತು ಹಂದಿ.

ಲೆಕ್ಕ ಸರಿಯಾಗಿತ್ತು. ಮಳೆ ಮಾತ್ರ ಶಾಲೆಗೆ ಹೋಗಿರಲಿಲ್ಲ.

ಹಂದಿ ಗುಡ್ಡದ ಹುಲ್ಲು ಕಿತ್ತು, ನೆತ್ತಿಯಿಂದ ಬುಡಕ್ಕೆ ನೇರವಾಗಿ ಉಳತೊಡಗಿತು. ಇಳಿಜಾರಿನಲ್ಲಿ ಮೂತಿಗೆ ಶ್ರಮ ಕಡಿಮೆ.

ನಡುಗುಡ್ಡದಲ್ಲಿ ಗೌಜಲಹಕ್ಕಿ ಮೊಟ್ಟೆಗಳ ಮೇಲೆ ಕೂತಿತ್ತು.

"ಏಳಕ್ಕ, ಇದು ಹೊಲ," ಎಂದಿತು ಹಂದಿ.

"ನಿನ್ನೆಯವರೆಗೆ ಹುಲ್ಲಾಗಿತ್ತಲ್ಲ?"

"ಇಷ್ಟು ಜನಕ್ಕೆ ಅನ್ನ ಬೇಡವೇ?"

"ಬೇಕು. ನನಗೆ ಮರಿಗಳೂ ಬೇಕು. ಅಡ್ಡಕ್ಕಾದರೂ ಉಳು, ಹಂದಿಯಣ್ಣ. ನೀರು ಸ್ವಲ್ಪ ಕೂತು ಹೋಗುತ್ತದೆ."

"ಮೊಟ್ಟೆ ಇಡುವವರು ಬೇಸಾಯ ಕಲಿಸುವ ಕಾಲ ಬಂತು," ಎಂದು ಗೊಣಗಿದ ಹಂದಿ, ಗುಡ್ಡಕ್ಕೆ ಅಡ್ಡಲಾಗಿ ಒಂದು ಪಟ್ಟಿ ಹುಲ್ಲನ್ನು ಅಕ್ಕನ ಪಾಲಿಗೆ ಬಿಟ್ಟಿತು.

ಇಲಿ ಕೂಡಿಟ್ಟ ರಾಗಿಯನ್ನು ಒಂದು ಕಾಳೂ ಉಳಿಸದೆ ಬಿತ್ತಿತು.

ತಿಂಗಳಿಡೀ ಬೀಳಬೇಕಾದ ಮಳೆ ಒಂದೇ ಮಧ್ಯಾಹ್ನ ಸುರಿಯಿತು. ಉತ್ತ ಸಾಲುಗಳೆಲ್ಲ ಕಾಲುವೆಗಳಾದವು. ಮಣ್ಣು, ಬೀಜ ಎರಡೂ ಬಹಳ ಶಿಸ್ತಿನಿಂದ ಸಾಲು ಹಿಡಿದು ಹಳ್ಳ ಸೇರಿದವು.

"ಈ ಸಲ ನನ್ನ ಮರಿಗಳಿಗೆ ಬೇರೂ ಇಲ್ಲ," ಎಂದಿತು ಇಲಿ. "ಅದನ್ನೂ ಕಿತ್ತು ಹಾಕಿದ್ದೀಯ."

ಹಂದಿ ಮೂತಿ ತಗ್ಗಿಸಿತು.

ವಾರದ ಮೇಲೆ ಗೌಜಲಹಕ್ಕಿ ಎಲ್ಲರನ್ನೂ ಕರೆಯಿತು. ಹಳ್ಳ ಸೇರದ ಒಂದಿಷ್ಟು ಮಣ್ಣು, ಬೀಜ ಮೇಲಿನಿಂದ ಕೊಚ್ಚಿ ಬಂದು ಅದರ ಹುಲ್ಲಿಗೆ ತಡೆದು ನಿಂತಿದ್ದವು. ರಾಗಿ ಪೈರು ಬೆರಳುದ್ದ ಎದ್ದಿತ್ತು.

"ಒತ್ತೊತ್ತಾಗಿದೆ. ಕಿತ್ತು ನಾಟಿ ಮಾಡೋಣ," ಎಂದಿತು ಇಲಿ.

ನಾಟಿಗೆಂದು ಹಂದಿ ಬುಡದ ಹೊಲವನ್ನಷ್ಟೇ ಉತ್ತಿತು, ಅದೂ ಅಡ್ಡಕ್ಕೆ. ಗುಡ್ಡವನ್ನು ಹುಲ್ಲಿಗೆ ಬಿಟ್ಟುಕೊಟ್ಟಿತು. ಮಳೆ ಮತ್ತೆರಡು ಸಲ ಬಂತು, ಜಿಪುಣತನದಿಂದಲೇ. ಬಂದದ್ದು ಸಾಲುಗಳಲ್ಲಿ ನಿಂತು ಇಂಗಿತು.

ಕೊಯ್ಲು ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ನಂತರದ ಬೇಸಗೆಯಲ್ಲಿ ಇಲಿಯ ಮರಿಗಳು ಒಂದು ದಿನವೂ ಹಸಿದು ಮಲಗಲಿಲ್ಲ.

ಅಡ್ಡ ಉಳುಮೆ ತನ್ನದೇ ಯೋಚನೆ ಎಂದು ಹಂದಿ ಈಗ ಹೇಳಿಕೊಳ್ಳುತ್ತದೆ. ಯಾರೂ ತಿದ್ದುವುದಿಲ್ಲ. ಮುಂದಿನ ವರ್ಷವೂ ಅದೇ ಉಳಬೇಕಲ್ಲ.

ನೀತಿ: ಹೊಲ ಹಿಗ್ಗಿಸುವ ಮೊದಲು ಬಿದ್ದ ಹನಿಯನ್ನು ಹಿಡಿದಿಡಲು ಕಲಿಯಬೇಕು.